ಕಡಿಮೆ ಓಡಿದ ಮಾಡಿಫೈಡ್ ಮಸ್ಟಾಂಗ್ ಬಳ್ಳಾರಿಯಲ್ಲಿ ಮಾರಾಟಕ್ಕಿದ್ದರೆ ಏನೇನು ಬಿಚ್ಚಿ ನೋಡಬೇಕು

ಬ್ರೋಕರ್ ಕಳಿಸುವ ಮೆಸೇಜು ಹೆಚ್ಚುಕಡಿಮೆ ಹೀಗೇ ಇರುತ್ತದೆ: "2017 ಮಸ್ಟಾಂಗ್ ಜಿಟಿ, ಫಸ್ಟ್ ಓನರ್, ಬರೀ 9 ಸಾವಿರ ಓಡಿದೆ, ಎಕ್ಸಾಸ್ಟ್, ಇಂಟೇಕ್, ಟ್ಯೂನ್, ಲೋವರಿಂಗ್ ಎಲ್ಲಾ ಆಗಿದೆ ಅಣ್ಣಾ, ಶೋರೂಮ್ ಕಂಡೀಷನ್." ಇಂಟೇಕ್ ಅಂದರೆ ಇಂಜಿನ್ ಗಾಳಿ ಎಳೆಯುವ ಪೈಪು-ಫಿಲ್ಟರ್, ಟ್ಯೂನ್ ಅಂದರೆ ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು, ಲೋವರಿಂಗ್ ಅಂದರೆ ಗಾಡಿ ತಗ್ಗಿಸುವುದು. ಮೆಸೇಜಿನಲ್ಲಿ ಒಂದಕ್ಷರವೂ ಸುಳ್ಳಿಲ್ಲದೆ ಗಾಡಿ ಕೆಟ್ಟಿರಬಹುದು. ವರ್ಷಕ್ಕೆ ಸಾವಿರ ಕಿ.ಮೀ. ಅಂದರೆ ವಾರಕ್ಕೆ ಇಪ್ಪತ್ತು ಕಿ.ಮೀ. ಮಿಕ್ಕ ಹೊತ್ತೆಲ್ಲ ಅದು ಶೆಡ್ಡಿನಲ್ಲಿ, ನಮ್ಮ ಏಪ್ರಿಲ್-ಮೇ ಬಿಸಿಲಿನ ಕಾವಿನಲ್ಲಿ ನಿಂತಿತ್ತು. ಹೊರಗೆ ತೆಗೆದಾಗ ಹೋದದ್ದು ತೋರಣಗಲ್ಲು, ಸಂಡೂರು ಕಡೆಯ ರಸ್ತೆಗೆ, ಅದಿರು ಲಾರಿಗಳ ಹಿಂದೆ. ಆದ್ದರಿಂದ ಮೀಟರು ನಿಜವೋ ತಿರುಗಿಸಿದ್ದೋ ಅನ್ನುವ ಚಿಂತೆಗಿಂತ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು: ನಿಂತು ನಿಂತು ಏನು ಕೆಟ್ಟಿದೆ, ಮಾಡಿಫಿಕೇಷನ್ ಹೆಸರಲ್ಲಿ ಇಂಜಿನ್ ಒಳಗೆ ಏನು ಹೋಗಿದೆ.

ಇಲ್ಲಿ ಹೇಳುವುದು ಭಾರತಕ್ಕೆ 2016ರಲ್ಲಿ ಬಂದ ಮಸ್ಟಾಂಗ್ ಜಿಟಿ ಬಗ್ಗೆ. 4951 ಸಿಸಿ ವಿ8, ಸುಮಾರು 400 ಅಶ್ವಶಕ್ತಿ, 515 ಎನ್‌ಎಂ ಟಾರ್ಕ್, 6 ಸ್ಪೀಡ್ ಆಟೋಮ್ಯಾಟಿಕ್, ಹಿಂದಿನ ಚಕ್ರದ ಓಟ. ಬೇರೆ ಮಸಲ್ ಕಾರಿಗೂ ಈ ಕ್ರಮ ಬಹುಪಾಲು ಹೊಂದುತ್ತದೆ, ಅಳತೆಗಳು ಮಾತ್ರ ಬದಲಾಗುತ್ತವೆ.

ಫೋನಿನಲ್ಲೇ ಮುಗಿಸುವ ಕೆಲಸ

ರಾಯಚೂರಿನಿಂದಲೋ ಕೊಪ್ಪಳದಿಂದಲೋ ಬಳ್ಳಾರಿಗೆ ಹೊರಡುವ ಮುಂಚೆ ಆರ್‌ಸಿ, ಇನ್ಶೂರೆನ್ಸ್, ಸರ್ವೀಸ್ ಬಿಲ್ಲು, ಚಾಸಿಸ್ ನಂಬರಿನ ಫೋಟೊ ತರಿಸಿಕೊಳ್ಳಿ. ಚಾಸಿಸ್ ನಂಬರಿನಲ್ಲಿ 17 ಅಕ್ಷರ, ಅಂಕಿ ಇರುತ್ತವೆ. ಅಮೆರಿಕದಲ್ಲಿ ತಯಾರಾದದ್ದಾದರೆ 1ರಿಂದ ಶುರು. 10ನೇ ಜಾಗದಲ್ಲಿ ಮಾಡೆಲ್ ವರ್ಷ: ಜಿ ಇದ್ದರೆ 2016, ಎಚ್ ಇದ್ದರೆ 2017, ಜೆ ಇದ್ದರೆ 2018. ತಯಾರಾದ ವರ್ಷಕ್ಕೂ ನೋಂದಣಿಯಾದ ವರ್ಷಕ್ಕೂ ಅಂತರವಿದ್ದರೆ ಅದು ಬಂದರಿನಲ್ಲೋ ಗೋದಾಮಿನಲ್ಲೋ ನಿಂತ ಗಾಡಿ, ಬೆಲೆ ಮಾತಾಡುವಾಗ ತಯಾರಾದ ವರ್ಷವನ್ನೇ ಹಿಡಿಯಿರಿ.

ಇನ್ನೊಂದು ಪ್ರಶ್ನೆ ಫೋನಿನಲ್ಲೇ ಕೇಳಿ: "ಕಂಪನಿ ಏರ್ ಬಾಕ್ಸ್, ಕಂಪನಿ ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್, ಸ್ಪ್ರಿಂಗ್ ಎಲ್ಲಿವೆ?" (ಕ್ಯಾಟಲಿಟಿಕ್ ಕನ್ವರ್ಟರ್ ಅಂದರೆ ಹೊಗೆಯ ವಿಷ ಇಳಿಸುವ ಭಾಗ.) ಮನೆಯಲ್ಲೇ ಇವೆ, ಕೊಡ್ತೀವಿ ಅಂದರೆ ಒಳ್ಳೆಯದು. ಮಾರಿಬಿಟ್ಟಿದ್ದಾರೆ ಅಂದರೆ ಈ ಗಾಡಿ ಮತ್ತೆ ಮೊದಲಿನಂತೆ ಆಗಬೇಕಾದರೆ ಬಿಡಿಭಾಗ ಹೊರದೇಶದಿಂದ ತರಿಸಬೇಕು. ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಹೇಳಿದ ಮೇಲೆ ವಿ8 ಬಿಡಿಭಾಗ ಕೈಗೆ ಸಿಗುವುದು ಇನ್ನೂ ತಡ.

ಕೊನೆಯದಾಗಿ, "ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡ್ರಿ" ಅಂತ ಸ್ಪಷ್ಟವಾಗಿ ಹೇಳಿ.

ತಣ್ಣಗಿರುವಾಗ ಮೊದಲ ಸ್ಟಾರ್ಟ್

ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ, ನಿಮಗಿಂತ ಮುಂಚೆ ಯಾರೋ ಓಡಿಸಿ ಹೊಗೆಯನ್ನೋ ಸದ್ದನ್ನೋ ಮುಚ್ಚಿಟ್ಟಿದ್ದಾರೆ ಅಂತಲೇ ತಿಳಿದು ಸಂಜೆ ಮತ್ತೆ ಬನ್ನಿ. ಕಾರಿನ ಹಿಂದೆ ಒಬ್ಬರು ನಿಂತು ಮೊದಲ ಹೊಗೆ ನೋಡಬೇಕು. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಟ್ಯೂನ್ ಮಾಡಿದ ಗಾಡಿಯಲ್ಲಿ ಇದು ಸಾಮಾನ್ಯ ಅನ್ನುತ್ತಾರೆ, ಒಪ್ಪಬೇಡಿ. ಬಿಳಿ ಹೊಗೆ ಐದು ನಿಮಿಷವಾದರೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಸುಡುತ್ತಿದೆ.

ಸ್ಟಾರ್ಟ್ ಮಾಡುವ ಮುಂಚೆಯೇ ಡಿಪ್‌ಸ್ಟಿಕ್ ಎಳೆದು ಮೂಸಿ. ವಾರಕ್ಕೊಮ್ಮೆ ಮನೆ ಮುಂದೆ ಐದು ನಿಮಿಷ ಗುರ್ ಅನ್ನಿಸಿ ಆಫ್ ಮಾಡಿದ ಗಾಡಿಯ ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ; ಇಂಜಿನ್ ಪೂರ್ತಿ ಕಾಯದೆ ನಿಂತಾಗ ಸುಡದ ಪೆಟ್ರೋಲೂ ನೀರಿನ ಪಸೆಯೂ ಆಯಿಲಿನಲ್ಲೇ ಉಳಿಯುತ್ತವೆ. "ಓಡಿಸದಿದ್ರೂ ವಾರವಾರ ಸ್ಟಾರ್ಟ್ ಮಾಡ್ತಿದ್ವಿ" ಅನ್ನುವುದನ್ನು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ, ಪಾಪ. ಈ ಇಂಜಿನ್‌ಗೆ ಕಂಪನಿ ಹೇಳಿರುವುದು 5ಡಬ್ಲ್ಯು-20 ಆಯಿಲ್, ಫಿಲ್ಟರ್ ಸೇರಿ ಸುಮಾರು 7.6 ಲೀಟರ್. ನಾಲ್ಕು ಲೀಟರಿನ ಕ್ಯಾನ್ ಒಂದೇ ಇರುವ ಬಿಲ್ಲು ತೋರಿಸಿದರೆ ಆ ಸರ್ವೀಸು ಅರೆಬರೆ. ಬಿಸಿಲಿನ ಊರು ಅಂತ ದಪ್ಪ ಆಯಿಲ್ ಸುರಿದಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ; ಕ್ಯಾಮ್ ಟೈಮಿಂಗ್ ಬದಲಿಸುವ ಭಾಗಗಳು ಈ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುತ್ತವೆ.

ಬಿಳಿ ಬಟ್ಟೆಯ ಪರೀಕ್ಷೆ

ಬಳ್ಳಾರಿ ಗಾಡಿಗೆ ಇದೇ ಮುಖ್ಯ. ಮಾಡಿಫಿಕೇಷನ್ ಅಂದಾಗ ಮೊದಲು ಹಾರಿಹೋಗುವುದು ಕಂಪನಿಯ ಏರ್ ಬಾಕ್ಸ್, ಅದರೊಳಗಿನ ಪೇಪರ್ ಫಿಲ್ಟರ್. ಆ ಜಾಗಕ್ಕೆ ಕೋನ್ ಆಕಾರದ, ಎಣ್ಣೆ ಹಚ್ಚಿದ ಹತ್ತಿ ಜಾಲಿಯ ಫಿಲ್ಟರ್ ಬರುತ್ತದೆ. ಸದ್ದು ಜೋರು, ಗಾಳಿ ಸರಾಗ. ಆದರೆ ಗಾಳಿ ಸರಾಗವಾಗಿ ನುಗ್ಗುವ ಕಡೆ ನುಣ್ಣನೆ ಧೂಳೂ ನುಗ್ಗುತ್ತದೆ. ನಮ್ಮ ಕಡೆಯ ಕೆಂಧೂಳು ಹೊಲದ ಮಣ್ಣಿನಂತಲ್ಲ, ಕಬ್ಬಿಣದ ಅದಿರೂ ಸಿಲಿಕಾವೂ ಕೂಡಿದ ಗಟ್ಟಿ ಪುಡಿ. ಅದು ಆಯಿಲಿನ ಪಸೆಯೊಂದಿಗೆ ಸೇರಿದರೆ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟಿನಂತೆಯೇ ಕೆಲಸ ಮಾಡುತ್ತದೆ. ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಸವೆಯುತ್ತವೆ. ಹೀಗೆ ಸವೆಯಲು ಲಕ್ಷ ಕಿ.ಮೀ. ಬೇಕಿಲ್ಲ.

ನೋಡುವ ಕ್ರಮ ಹೀಗೆ. ಇಂಜಿನ್ ಆಫ್, ಕೀ ಹೊರಗೆ. ಫಿಲ್ಟರ್ ಹತ್ತಿರವಿರುವ ಏರ್ ಫ್ಲೋ ಸೆನ್ಸರ್‌ನ ಪ್ಲಗ್ ಬಿಡಿಸಿ. ಥ್ರಾಟಲ್ ಬಾಡಿಗೆ (ಇಂಜಿನ್‌ಗೆ ಹೋಗುವ ಗಾಳಿಯನ್ನು ಚಿಟ್ಟೆಯಂಥ ಬಾಗಿಲಿಂದ ಹದ ಮಾಡುವ ಭಾಗ) ಕೂತಿರುವ ರಬ್ಬರ್ ಪೈಪಿನ ಕ್ಲ್ಯಾಂಪ್ ಸಡಿಲಿಸಿ ಪೈಪ್ ಎಳೆಯಿರಿ. ಮೊದಲು ಸುತ್ತಲಿನ ಜಾಗ ಒರೆಸಿಕೊಳ್ಳಿ, ಇಲ್ಲದಿದ್ದರೆ ಪರೀಕ್ಷೆ ಮಾಡಲು ಹೋಗಿ ನೀವೇ ಧೂಳು ಬೀಳಿಸುತ್ತೀರಿ. ಈಗ ಒಗೆದ ಬಿಳಿ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿ, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಮೈಯನ್ನು ಒಂದು ಸುತ್ತು ಒರೆಸಿ.

ಬಟ್ಟೆ ಬಿಳಿಯಾಗೇ ಬಂದರೆ ಸರಿ. ತೆಳುವಾದ ಕಪ್ಪು ಎಣ್ಣೆ ಜಿಡ್ಡು ಬಂದರೂ ಗಾಬರಿ ಬೇಡ, ಇಂಜಿನ್ ಉಸಿರಿನ ಪೈಪಿನಿಂದ ಅಷ್ಟು ಬರುತ್ತದೆ. ಆದರೆ ಇಟ್ಟಿಗೆ ಬಣ್ಣದ ಕಲೆ ಬಂದು, ಎರಡು ಬೆರಳ ನಡುವೆ ಉಜ್ಜಿದಾಗ ಕರಕರ ಅಂದರೆ ಧೂಳು ಫಿಲ್ಟರ್ ದಾಟಿ ಒಳಗೆ ಹೋಗಿದೆ. ಥ್ರಾಟಲ್ ಚಿಟ್ಟೆಯ ಅಂಚಿನಲ್ಲೂ ಅದೇ ಬಣ್ಣ ಕಾಣುತ್ತದೆ. ಎಲ್ಲಿಂದ ಬಂತು ಅಂತ ಹುಡುಕಿದರೆ ಮೂರರಲ್ಲಿ ಒಂದು ಸಿಗುತ್ತದೆ: ಫಿಲ್ಟರ್ ತೊಳೆದು ಎಣ್ಣೆ ಹಚ್ಚದೆ ಹಾಕಿದ್ದಾರೆ, ಕ್ಲ್ಯಾಂಪ್ ಸೊಟ್ಟ ಕೂತಿದೆ, ಅಥವಾ ಬಿಸಿಗೆ ರಬ್ಬರ್ ಜೋಡಣೆ ಸೀಳಿದೆ. ಎಣ್ಣೆ ಅತಿಯಾದರೂ ತೊಂದರೆಯೇ, ಅದು ಏರ್ ಫ್ಲೋ ಸೆನ್ಸರ್ ತಂತಿಗೆ ಅಂಟಿ ಲೆಕ್ಕ ತಪ್ಪಿಸುತ್ತದೆ.

ಕೆಂಪು ಕಂಡರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ, ಕಂಪ್ರೆಷನ್ ಟೆಸ್ಟ್ ಕೇಳಿ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಗೇಜಿನಲ್ಲಿ ಅಳೆಯುವುದು. ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಇಗ್ನಿಷನ್ ಕಾಯಿಲ್‌ಗಳ ಪ್ಲಗ್ ಬಿಡಿಸಿ, ಆಕ್ಸಿಲೇಟರ್ ಪೂರ್ತಿ ಒತ್ತಿ, ಒಂದೊಂದು ಸಿಲಿಂಡರಿಗೂ ಐದೈದು ಸುತ್ತು ಕ್ರ್ಯಾಂಕ್ ಮಾಡಬೇಕು. ಎಲ್ಲಕ್ಕಿಂತ ಕಡಿಮೆ ಬಂದ ಅಂಕಿ ಎಲ್ಲಕ್ಕಿಂತ ಹೆಚ್ಚಿನದರ ಶೇ 75ಕ್ಕಿಂತ ಕೆಳಗಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ: ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಹೋಗಿ. ಆಯಿಲ್ ಸ್ಯಾಂಪಲನ್ನು ಲ್ಯಾಬಿಗೆ ಕಳಿಸುವಷ್ಟು ತಾಳ್ಮೆ ಇದ್ದರೆ ಸಿಲಿಕಾನ್ ಅಂಶ ನೋಡಿ. ಅದು ಏರಿದ್ದರೆ ಧೂಳು ಕುಡಿದ ಇಂಜಿನ್.

ಪ್ಲಗ್ ಕೈಗೆ ಬಂದಾಗ ಒಂದು ಮೋಸ ಹೋಗುವ ಜಾಗವಿದೆ. ಪ್ಲಗ್ಗಿನ ಬಿಳಿ ಪಿಂಗಾಣಿ ತುದಿ ಇಟ್ಟಿಗೆ ಕೆಂಪಾಗಿದ್ದರೆ ಅದನ್ನು ಗಣಿ ಧೂಳು ಅಂದುಕೊಳ್ಳಬೇಡಿ. ಬಾಟಲಿಯಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ (ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದಂತೆ ತಡೆಯುವ ದ್ರವ) ಸುರಿದಾಗ ಅದರಲ್ಲಿನ ಲೋಹದ ಅಂಶ ಹಾಗೆ ಕೂರುತ್ತದೆ. ಅಂದರೆ ಈ ಗಾಡಿಯ ಟ್ಯೂನ್ ಸಾದಾ ಪೆಟ್ರೋಲಿಗೆ ಒಗ್ಗುತ್ತಿರಲಿಲ್ಲ, ಮಾಲೀಕರಿಗೂ ಅದು ಗೊತ್ತಿತ್ತು.

ಟ್ಯೂನ್ ಮತ್ತು ಸ್ಕ್ಯಾನರ್

ಬ್ಲೂಟೂತ್ ಓಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರಿನ ದೋಷ ಓದಲು ಚುಚ್ಚುವ ಪುಟ್ಟ ಸಾಧನ), ಫೋನಿನಲ್ಲಿ ಫೋರ್‌ಸ್ಕ್ಯಾನ್ ಆ್ಯಪ್ ಇಟ್ಟುಕೊಂಡು ಹೋಗಿ. ಫೋರ್ಡ್ ಗಾಡಿಯ ಎಬಿಎಸ್, ಏರ್‌ಬ್ಯಾಗ್, ಮೀಟರ್ ಬೋರ್ಡ್ ಎಲ್ಲದರೊಂದಿಗೂ ಅದು ಮಾತಾಡುತ್ತದೆ. ಚೆಕ್ ಇಂಜಿನ್ ಲೈಟ್ ಇಲ್ಲ ಅನ್ನುವುದೊಂದೇ ಸಾಲದು, ಏಕೆಂದರೆ ಟ್ಯೂನ್ ಮಾಡುವವರು ಕ್ಯಾಟಲಿಟಿಕ್ ತೆಗೆದಾಗ ಬರುವ ದೋಷದ ಕೋಡನ್ನು ಒಳಗೇ ಮುಚ್ಚಿಬಿಡುತ್ತಾರೆ. ಕೋಡ್ ಅಳಿಸಿ ಎಷ್ಟು ಕಿ.ಮೀ. ಆಯಿತು ಅನ್ನುವ ಅಂಕಿ ನೋಡಿ; ಅದು 12 ಕಿ.ಮೀ. ಅಂತ ತೋರಿಸಿದರೆ ನಿಮಗಾಗಿ ನಿನ್ನೆಯಷ್ಟೇ ಒರೆಸಿದ್ದಾರೆ. ಇಂಜಿನ್ ಕಾದ ಮೇಲೆ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ಇಂಜಿನ್ನಿನ ಎರಡೂ ಬದಿ ಮೈನಸ್ 10ರಿಂದ ಪ್ಲಸ್ 10ರ ಒಳಗಿರಬೇಕು. ಎರಡೂ ಬದಿ ಪ್ಲಸ್ ಕಡೆ ಜಾಸ್ತಿ ಇದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಬರುತ್ತಿದೆ, ಇಲ್ಲವೇ ಸೆನ್ಸರ್ ಕೊಳೆಯಾಗಿದೆ. ಬಿಳಿ ಬಟ್ಟೆ ಹೇಳಿದ್ದನ್ನೇ ಇದೂ ಹೇಳುತ್ತಿದೆಯೇ ತಾಳೆ ನೋಡಿ.

ಟ್ಯೂನ್ ಎಷ್ಟು ಆಕ್ಟೇನ್‌ಗೆ ಮಾಡಿದ್ದು, ಯಾರು ಮಾಡಿದ್ದು, ಬಿಲ್ಲು ಎಲ್ಲಿ? 95 ಆಕ್ಟೇನ್‌ಗೆ ಬರೆಸಿದ ಟ್ಯೂನಿಗೆ ಸಾದಾ 91 ಹಾಕಿಕೊಂಡು, ಮೇ ತಿಂಗಳ ಮಧ್ಯಾಹ್ನದ ಕಾದ ಗಾಳಿ ಎಳೆದುಕೊಂಡು ಓಡಿದ ಇಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನೇ ಸಿಡಿಯುತ್ತದೆ. ನಾಕ್ ಸೆನ್ಸರ್ ಟೈಮಿಂಗ್ ಹಿಂದಕ್ಕೆ ಎಳೆದು ಕಾಪಾಡಲು ನೋಡುತ್ತದೆ, ಆಗ ದುಡ್ಡು ಕೊಟ್ಟು ಕೊಂಡ ಪವರ್ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ಟ್ಯೂನರ್ ಡಬ್ಬಿಯಿಂದ ಮಾಡಿದ್ದಾದರೆ ಆ ಡಬ್ಬಿಯನ್ನೂ ಕೇಳಿ ಪಡೆಯಿರಿ. ಕಂಪನಿಯ ಮೂಲ ಫೈಲ್ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ, ಡಬ್ಬಿಯೂ ಒಂದೇ ಗಾಡಿಗೆ ಲಾಕ್ ಆಗಿರುತ್ತದೆ. ಸೂಪರ್‌ಚಾರ್ಜರ್ (ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ) ಹಾಕಿದ್ದರೆ ಆಯಿಲ್ ಪಂಪಿನ ಗೇರ್ ಬದಲಿಸಿದ ಬಿಲ್ಲು ಕೇಳಲೇಬೇಕು. ಒತ್ತಿದ ಪುಡಿಲೋಹದ ಕಂಪನಿ ಗೇರು, ಸೂಪರ್‌ಚಾರ್ಜರ್ ಜೊತೆ ಲಿಮಿಟರ್‌ಗೆ (ಇಂಜಿನ್ ವೇಗದ ಗರಿಷ್ಠ ಮಿತಿಗೆ) ಮತ್ತೆ ಮತ್ತೆ ಬಡಿಸಿದರೆ ಒಡೆಯುತ್ತದೆ; ಗೇರ್ ಒಡೆದರೆ ಆಯಿಲ್ ಒತ್ತಡ ಹೋಗಿ ಇಂಜಿನ್ ಮುಗಿಯಿತು.

ಮೀಟರ್ ತಿರುಗಿಸಿದ ಅನುಮಾನವಿದ್ದರೆ ಬೇರೆ ಮಾಡ್ಯೂಲ್‌ಗಳಲ್ಲಿ ಉಳಿದ ಓಡೋಮೀಟರ್ ಅಂಕಿ, ಹಳೆಯ ಕೋಡ್ ಜೊತೆ ದಾಖಲಾದ ಕಿ.ಮೀ. ಹೋಲಿಸಿ. ಹತ್ತು ಸಾವಿರ ಓಡಿದ ಗಾಡಿಯ ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಏಣು ಇರಬಾರದು, ಡ್ರೈವರ್ ಸೀಟಿನ ಹೊರಬದಿಯ ದಿಂಡು ಕುಸಿದಿರಬಾರದು.

ನಿಂತದ್ದರಿಂದ ಕೆಟ್ಟದ್ದು

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಅಂದರೆ 2017ರ 23ನೇ ವಾರ. ಗುಂಡಿ ತುಂಬ ಗ್ರಿಪ್ ಇದ್ದರೂ ಆ ಟೈರು ಈಗ ಕಲ್ಲು. ಇಷ್ಟು ಪವರ್ ಹಿಂದಿನ ಚಕ್ರಕ್ಕೆ ಹೋಗುವ ಗಾಡಿಯಲ್ಲಿ ಗಟ್ಟಿಯಾದ ರಬ್ಬರ್ ಇಟ್ಟುಕೊಂಡು ಮಳೆಗಾಲದ ಮೊದಲ ಹನಿಗೆ ರಸ್ತೆಗೆ ಇಳಿಯಬಾರದು. ನಾಲ್ಕೂ ಬದಲಿಸುವ ಖರ್ಚು ಲಕ್ಷದ ಆಸುಪಾಸು, ಅದನ್ನು ಬೆಲೆಯಲ್ಲಿ ಕಳೆಯಿರಿ. ಮುಂದಿನದು ಹಳೆಯದಾಗಿದ್ದು ಹಿಂದಿನದು ಮಾತ್ರ ಹೊಸದಾಗಿದ್ದರೆ ಬರ್ನ್‌ಔಟ್ (ನಿಂತಲ್ಲೇ ಚಕ್ರ ತಿರುಗಿಸಿ ಟೈರು ಸುಡುವ ಆಟ) ಮಾಡಿದ ಗಾಡಿ. ಹಿಂದಿನ ಚಕ್ರದ ಮೇಲಿನ ಪೊಳ್ಳಿನೊಳಗೆ ಟಾರ್ಚ್ ಬಿಡಿ, ಉರಿದ ರಬ್ಬರ್ ಚೂರು ಅಂಟಿರುತ್ತವೆ. ಎಷ್ಟೇ ವಾಟರ್ ವಾಶ್ ಮಾಡಿದರೂ ಅವು ಹೋಗುವುದಿಲ್ಲ. ಹಾಗಿದ್ದರೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಪವರ್ ಹಂಚುವ ಗೇರು) ಸದ್ದನ್ನು ಓಡಿಸುವಾಗ ಕಿವಿಗೊಟ್ಟು ಕೇಳಿ.

ಪೆಟ್ರೋಲಿನ ಕಥೆ ಬೇರೆ. ಈಗ ಬಂಕಿನಲ್ಲಿ ಸಿಗುವ ಸಾದಾ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಈ ಕಾರು ತಯಾರಾದ ಕಾಲಕ್ಕೆ ಅಷ್ಟಿರಲಿಲ್ಲ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಹುಳಿ ವಾಸನೆ ಬಂದರೆ ಟ್ಯಾಂಕ್ ಖಾಲಿ ಮಾಡಿಸಿಯೇ ಓಡಿಸಿ.

ಕೂಲೆಂಟ್ ಡಬ್ಬಿಯ ಮುಚ್ಚಳದ ಒಳಗೆ ಬಿಳಿ ಸುಣ್ಣದ ಪದರ ಕಂಡರೆ ಯಾರೋ ಬೋರ್ ನೀರು ತುಂಬಿದ್ದಾರೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಗಡುಸು ನೀರು ಪಾತ್ರೆಗೆ ಮಾಡುವುದನ್ನೇ ರೇಡಿಯೇಟರಿಗೂ ಮಾಡುತ್ತದೆ. ಎಸಿ ಹಾಕಿ 20 ನಿಮಿಷ ನಿಂತಲ್ಲೇ ಬಿಟ್ಟು ಸ್ಕ್ಯಾನರಿನಲ್ಲಿ ಶಾಖ ನೋಡುತ್ತಿರಿ. ಫ್ಯಾನ್ ತಿರುಗಿದಾಗ ಇಳಿಯಬೇಕು, ಏರುತ್ತಲೇ ಹೋದರೆ ರೇಡಿಯೇಟರ್ ಕಟ್ಟಿದೆ. ಬ್ರೇಕ್ ಆಯಿಲಿನ ತೇವ ಅಳೆಯುವ ಪೆನ್ನು ಶೇ 3 ದಾಟಿ ತೋರಿಸಿದರೆ ಬದಲಿಸಬೇಕು. ಬ್ಯಾಟರಿ ನಿಂತಾಗ 12.6 ವೋಲ್ಟ್, ಇಂಜಿನ್ ಓಡುವಾಗ 13.8ರ ಮೇಲೆ. ವೈರಿಂಗ್ ಮೇಲೆ ಇಲಿ ಹಲ್ಲಿನ ಗುರುತು ಹುಡುಕುವುದನ್ನು ಮರೆಯಬೇಡಿ, ಶೆಡ್ಡಿನಲ್ಲಿ ಭತ್ತದ ಚೀಲ ಇಡುವ ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಇದು ಮೊದಲ ಅನುಮಾನ.

ಬಾಡಿ ಮತ್ತು ಕೆಳಭಾಗ

ಮ್ಯಾಗ್ನೆಟ್ ಅಂಟಿಸಿ ಪುಟ್ಟಿ ಹುಡುಕುವ ಹಳೆಯ ಉಪಾಯ ಇಲ್ಲಿ ಕೈಕೊಡುತ್ತದೆ. ಈ ಮಸ್ಟಾಂಗಿನ ಬಾನೆಟ್ಟೂ ಮುಂದಿನ ಎರಡು ಫೆಂಡರೂ ಅಲ್ಯೂಮಿನಿಯಂ; ಮ್ಯಾಗ್ನೆಟ್ ಅಂಟುವುದೇ ಇಲ್ಲ. ಅಂಟಿದರೆ ಅನುಮಾನಿಸಿ, ಯಾವುದೋ ಬೇರೆ ತಗಡು ಕೂರಿಸಿದ್ದಾರೆ. ಪೇಂಟ್ ಗೇಜ್ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಓದುವಂಥದ್ದಿರಲಿ. ಕಂಪನಿ ಪೇಂಟ್ 150 ಮೈಕ್ರಾನ್ ಒಳಗಿರುತ್ತದೆ, 200 ದಾಟಿದರೆ ಮತ್ತೆ ಬಣ್ಣ ಹೊಡೆದದ್ದು, 500 ದಾಟಿದರೆ ಪುಟ್ಟಿ. ರ‍್ಯಾಪ್ (ಬಣ್ಣದ ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಸುತ್ತಿದ್ದರೆ ಅದರ ದಪ್ಪ ನೂರರ ಹತ್ತಿರ, ಕಳೆದು ಲೆಕ್ಕ ಹಾಕಿ.

ಲೋವರಿಂಗ್ ಸ್ಪ್ರಿಂಗ್ ಹಾಕಿದ ಗಾಡಿ ನಮ್ಮ ಹಂಪ್‌ಗಳಲ್ಲಿ ಹೊಟ್ಟೆ ಉಜ್ಜದೆ ದಾಟುವುದಿಲ್ಲ. ಲಿಫ್ಟ್ ಮೇಲೇರಿಸಿ ಎಕ್ಸಾಸ್ಟ್ ಪೈಪಿನ ತಳ, ಆಯಿಲ್ ಪ್ಯಾನ್, ಬದಿಯ ಸಿಲ್ ನೋಡಿ. ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳಲು ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ) ಹಾಕಿದ್ದರೆ ಹಬ್ಬಿಗೆ ಸರಿಯಾಗಿ ಕೂತಿದೆಯೇ ನೋಡಿ, ಚಕ್ರದ ನಟ್ಟುಗಳನ್ನು 204 ಎನ್‌ಎಂಗೆ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ಪಂಕ್ಚರ್ ಅಂಗಡಿಯ ಏರ್ ಗನ್ ಇದಕ್ಕೆ ಆಗದು.

ಓಡಿಸಿ ನೋಡುವುದು

ಬೆಳಿಗ್ಗೆ ಆರಕ್ಕೆ ಹೊಸಪೇಟೆ ರಸ್ತೆ ಹಿಡಿಯಿರಿ, ಹೊತ್ತೇರಿದರೆ ಲಾರಿ ಸಾಲು. ಮೊದಲ ಹದಿನೈದು ನಿಮಿಷ ಮೆಲ್ಲಗೆ. ಕಾದ ಮೇಲೆ ಗೇರ್ ಏರುವಾಗಲೂ ಇಳಿಯುವಾಗಲೂ ಬೆನ್ನಿಗೆ ಗುದ್ದು ಬರಬಾರದು. 80ರಲ್ಲಿ ಸ್ಟೀರಿಂಗ್ ನಡುಗಿದರೆ ವ್ಹೀಲ್ ಬ್ಯಾಲೆನ್ಸ್, ಇಲ್ಲವೇ ನಿಂತು ಚಪ್ಪಟೆಯಾದ ಟೈರು, ಹತ್ತು ಕಿ.ಮೀ. ಆದ ಮೇಲೆ ನಡುಕ ಕಡಿಮೆಯಾದರೆ ಎರಡನೆಯದು. ಆಕ್ಸಿಲೇಟರ್ ಬಿಟ್ಟಾಗ ಹಿಂದಿನಿಂದ ಕುಂಯ್ ಸದ್ದು ಬಂದರೆ ಡಿಫರೆನ್ಷಿಯಲ್.

ಕಾಗದ ಮತ್ತು ದುಡ್ಡು

ಮಾಡಿಫಿಕೇಷನ್‌ಗೆ ಬೆಲೆ ಸೇರಿಸಿ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಮಾಲೀಕರಿಗೆ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಂತ ಕಾಯ್ದೆಯಲ್ಲಿದೆ. ರ‍್ಯಾಪ್ ಹಾಕಿ ಬಣ್ಣ ಬದಲಿಸಿದ್ದರೆ ಆರ್‌ಸಿಯಲ್ಲೂ ಆ ಬಣ್ಣ ಬಂದಿರಬೇಕು. ಕ್ಯಾಟಲಿಟಿಕ್ ತೆಗೆದ ಬಿಎಸ್4 ಪೆಟ್ರೋಲ್ ಕಾರು ಹೊಗೆ ತಪಾಸಣೆಯಲ್ಲಿ ಸಿಒ ಶೇ 0.3, ಎಚ್‌ಸಿ 200 ಪಿಪಿಎಂ ಮಿತಿಯೊಳಗೆ ಬರುವುದು ಕಷ್ಟ. ಆದ್ದರಿಂದ ಪಿಯುಸಿ ನಿಮ್ಮ ಎದುರೇ ಮಾಡಿಸಿ. ಇನ್ಶೂರೆನ್ಸ್‌ನವರಿಗೆ ತಿಳಿಸದ ಮಾಡಿಫಿಕೇಷನ್ ಇದ್ದರೆ ಕ್ಲೇಮ್ ತಿರಸ್ಕಾರವಾಗಬಹುದು. ಸರಿಯಾದ ಲೆಕ್ಕ ಅಂದರೆ ಗಾಡಿಯನ್ನು ಕಂಪನಿಯ ಸ್ಥಿತಿಗೆ ತರುವ ಕೂಲಿ, ಬಿಡಿಭಾಗದ ಖರ್ಚನ್ನು ಬೆಲೆಯಿಂದ ಇಳಿಸುವುದು.

ನಂಬರ್ ಪ್ಲೇಟ್ ನೋಡಿ. ಕೆಎ-34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ಪ್ಲೇಟ್ ಇವುಗಳಲ್ಲಿ ಯಾವುದೇ ಆಗಿದ್ದರೂ ಹೆಸರು ಬದಲಿಸುವ ಕೆಲಸ ಫಾರಂ 29, 30ರಲ್ಲಿ ಮುಗಿಯುತ್ತದೆ, ಸಾಲವಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ. ಗಡಿ ಊರುಗಳಾದ್ದರಿಂದ ಎಪಿ, ಟಿಎಸ್ (ಆಂಧ್ರ, ತೆಲಂಗಾಣ), ಜೊತೆಗೆ ಪುದುಚೇರಿಯ ಪಿವೈ ಪ್ಲೇಟಿನ ಗಾಡಿ ಅಗ್ಗಕ್ಕೆ ಬರುತ್ತವೆ. ಅವಕ್ಕೆ ಫಾರಂ 28 ಎನ್‌ಒಸಿ ಬೇಕು, ಇಲ್ಲಿ ಗಾಡಿಯ ವಯಸ್ಸಿನ ಮೇಲೆ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಶೇ 18 ಇದ್ದದ್ದು ನೆನಪಿರಲಿ. ಆರ್‌ಟಿಒದಲ್ಲಿ ಲೆಕ್ಕ ಹಾಕಿಸದೆ ಅಡ್ವಾನ್ಸ್ ಕೊಟ್ಟರೆ ಅಗ್ಗದ ಗಾಡಿ ದುಬಾರಿಯಾಗುತ್ತದೆ. ಖಾಸಗಿಯಾಗಿ ಹೊರದೇಶದಿಂದ ತರಿಸಿದ್ದಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಮೂಲ ಪ್ರತಿ ಇಲ್ಲದೆ ಮುಟ್ಟಬೇಡಿ.

"ಅರ್ಧ ಕ್ಯಾಶ್ ಕೊಡ್ರಿ" ಅಂತ ಕೇಳಿದರೆ ಒಪ್ಪಬೇಡಿ, ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಇದು ಆದಾಯ ತೆರಿಗೆಯ ನಿಯಮ. ಹಣ ಖಾತೆಯಿಂದ ಖಾತೆಗೆ ಹೋಗಲಿ. ಅದೇ ದಿನ ಬಾಕಿ ಚಲನ್ ಎಷ್ಟಿವೆ ಅಂತ ಆನ್‌ಲೈನಿನಲ್ಲಿ ನೋಡಿ ಕಟ್ಟಿಸಿ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ. ಡೆಲಿವರಿ ನೋಟಿನಲ್ಲಿ ಬಿಡಿಸಿಟ್ಟ ಕಂಪನಿ ಭಾಗಗಳ ಪಟ್ಟಿ, ಟ್ಯೂನರ್ ಡಬ್ಬಿ, ಎರಡು ಕೀ, ಮೀಟರ್ ಅಂಕಿ, ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ ಇಬ್ಬರೂ ಸಹಿ ಹಾಕಿ.